ಕಣದ ಕಂಬದ ಮೇಲಿನ ಕಣ್ಣು

ಬೆಳಿಗ್ಗೆ ಟಾರ್ಪಾಲು ಎಳೆದು ನೋಡಿದರೆ ಕಾಫಿ ರಾಶಿಯಲ್ಲಿ ಅರ್ಧ ಮಾಯ. ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದು, ಒಣಗಿ ಹದಕ್ಕೆ ಬಂದು, ಮೂಟೆ ಕಟ್ಟುವುದೊಂದೇ ಬಾಕಿ ಇದ್ದ ಪಾರ್ಚ್‌ಮೆಂಟ್ ಕಾಫಿ ಬೀಜ. ವಸ್ತಾರೆ ಹತ್ತಿರದ ಆ ಎಸ್ಟೇಟಿನ ಒಡತಿ ಕೃಷ್ಣಮ್ಮ ಕಣದ ಅಂಚಿನಲ್ಲಿ ಟಾರ್ಪಾಲಿನ ತುದಿ ಹಿಡಿದೇ ನಿಂತುಬಿಟ್ಟರು. ಅವರ ಮಗ ದಿಲೀಪನೇ ಪೊಲೀಸರಿಗೆ ಫೋನ್ ಮಾಡಿದ.

ಸಬ್ ಇನ್‌ಸ್ಪೆಕ್ಟರ್ ಓಂಕಾರಮೂರ್ತಿ ಬಂದು ಕಣಕ್ಕೆ ಕಾಲಿಟ್ಟಿದ್ದೇ ತಡ, ಪಕ್ಕದ ಕಾವಲು ಗುಡಿಸಲಿನಲ್ಲಿ ಗಂಟೆ ಬಡಿದುಕೊಂಡಿತು. ಅವರು ಬೆಚ್ಚಿ ಹಿಂದೆ ಸರಿದರು. ಇದೆಂಥದು ಎಂದು ಕೇಳಿದ್ದಕ್ಕೆ ಎಲ್ಲರೂ ಮಾಲವಿಕಾಳ ಕಡೆ ನೋಡಿದರು. ಸುದ್ದಿ ತಿಳಿದು ಅವಳೂ ಚಿಕ್ಕಮಗಳೂರಿನಿಂದ ಓಡಿ ಬಂದಿದ್ದಳು.

ಮಾಲವಿಕಾ ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಮೇಡಂ. ಕಣದ ಕಂಬದ ತುದಿಯಲ್ಲಿ ಪ್ರಯೋಗಕ್ಕೆಂದು ಕೂರಿಸಿದ್ದ ಉಗುರಗಲದ ಎಲೆಕ್ಟ್ರಾನಿಕ್ ಕಣ್ಣು ಅವಳ ನಾಲ್ಕಾರು ವರ್ಷದ ದುಡಿಮೆ. ಅದು ಫೋಟೋ ತೆಗೆಯುತ್ತಿರಲಿಲ್ಲ, ಚಿತ್ರ ಉಳಿಸಿಕೊಳ್ಳುತ್ತಲೂ ಇರಲಿಲ್ಲ. ನೋಡುವ ಚಿಪ್‌ನೊಳಗೇ, ತೋರಿಸಿಕೊಟ್ಟಿದ್ದನ್ನು ಮಿದುಳಿನಂತೆ ಕಲಿಯುವ ಒಂದು ಪುಟ್ಟ ನರಜಾಲ. ಮನುಷ್ಯ ಬಂದನೋ ಇಲ್ಲವೋ ಎಂದು ಅಲ್ಲೇ ತೀರ್ಮಾನಿಸಿ, ಬಂದಿದ್ದರೆ ಗಂಟೆ ಬಾರಿಸುತ್ತಿತ್ತು. ಅಷ್ಟೇ ಕೆಲಸವಾದ್ದರಿಂದ ಟಾರ್ಚಿನ ಸೆಲ್ಲಿನಲ್ಲೇ ಕೊಯ್ಲು ಮುಗಿಯುವ ತನಕ ನಡೆಯುತ್ತಿತ್ತು. ಮುಂದಿನ ವಾರ ಅದನ್ನು ಕೊಳ್ಳಬಹುದಾದ ಕಂಪನಿಯವರು ನೋಡಲು ಬರುವವರಿದ್ದರು.

ರಾತ್ರಿ ಗಂಟೆ ಆಗಿರಲಿಲ್ಲ ಎಂದು ಕಾವಲಿನ ಬೊಮ್ಮಯ್ಯ ಹೇಳಿದ. ಕಣದಲ್ಲಿ ಬಲ್ಬು ಉರಿಯುತ್ತಿತ್ತು, ತಾನು ಗುಡಿಸಲಲ್ಲಿ ಮಲಗಿದ್ದೆ ಎಂದೂ ಹೇಳಿದ. ಕಾವಲಿನವನು ಮಲಗುವುದುಂಟೇ ಎಂದು ಓಂಕಾರಮೂರ್ತಿ ಗದರಿದಾಗ ಅವನು ಮೇಡಂ ಕಡೆ ನೋಡಿ ತಲೆ ತಗ್ಗಿಸಿದ. ಗಂಟೆ ಆದರೆ ಎದ್ದರೆ ಸಾಕು, ಮಲಗಿ ಎಂದವಳು ಮಾಲವಿಕಾಳೇ. ಅವಳು ಅದನ್ನು ಹೇಳಲಿಲ್ಲ.

"ಗಂಟೆ ಸ್ವಿಚ್ಚು ಇರೋದು ಬೊಮ್ಮಯ್ಯನ ತಲೆದೆಸೆಯಲ್ಲೇ" ಎಂದ ದಿಲೀಪ.

ಓಂಕಾರಮೂರ್ತಿ ಮಾಲವಿಕಾಳತ್ತ ತಿರುಗಿದರು. "ನಿಮ್ಮ ಯಂತ್ರ ತಪ್ಪೋದುಂಟಾ ಮೇಡಂ?"

"ಇಲ್ಲ."

"ಅದಕ್ಕೆ ಕಲಿಸುವಾಗ ಜೊತೆಗೆ ಯಾರಿದ್ರು?"

"ಯಾರೂ ಇರಲಿಲ್ಲ. ನಾನೊಬ್ಬಳೇ."

ಮುಗಿಯಿತು. ಯಂತ್ರ ತಪ್ಪದಿದ್ದರೆ ಸ್ವಿಚ್ಚು ಆರಿಸಿದವನೇ ಕಳ್ಳ. ಬೊಮ್ಮಯ್ಯನನ್ನು ಜೀಪು ಹತ್ತಿಸಿದರು. ಅವನ ಹೆಂಡತಿ ಗಿಡ್ಡಮ್ಮ ಹಿಂದೆ ಓಡಲಿಲ್ಲ, ಕೂಗಾಡಲಿಲ್ಲ. ಮಾಲವಿಕಾಳ ಮುಖವನ್ನೇ ನೋಡುತ್ತ ನಿಂತಳು.

*

ಆ ನೋಟ ಮಾಲವಿಕಾಳಿಗೆ ಅನ್ನ ಇಳಿಯಲು ಬಿಡಲಿಲ್ಲ. "ಇಲ್ಲ" ಎಂದು ಅಷ್ಟು ಬೇಗ ಹೇಳಿದ್ದು ಯಾಕೆ? ಯಂತ್ರದ ಮೇಲಿನ ನಂಬಿಕೆಯಿಂದಲೋ, ಬರುವ ಕಂಪನಿಯವರ ಮೇಲಿನ ಆಸೆಯಿಂದಲೋ? ಉತ್ತರ ಅವಳಿಗೆ ಗೊತ್ತಿತ್ತು. ಅದಕ್ಕೇ ಮರುದಿನ ಮಧ್ಯಾಹ್ನ, ಯಾರೂ ಕರೆಯದಿದ್ದರೂ ಮತ್ತೆ ಎಸ್ಟೇಟಿಗೆ ಬಂದಳು. ಓಂಕಾರಮೂರ್ತಿಗೂ ಬರಲು ಹೇಳಿಕಳಿಸಿದ್ದಳು.

ಕಣದಲ್ಲಿ ಅವಳು ತಾನೇ ನಡೆದಳು. ಗಂಟೆ ಆಯಿತು. ಬಗ್ಗಿ ನಡೆದಳು, ಕುಳಿತು ತೆವಳಿದಳು, ಗೋಣಿ ಹೊದ್ದು ನಡೆದಳು. ಪ್ರತಿ ಸಲವೂ ಗಂಟೆ. ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದ ದಿಲೀಪ ನೋಡಿ ನಗುತ್ತಿದ್ದ. ಯಂತ್ರ ಸರಿಯಿದೆ ಎಂದು ಹಿಗ್ಗಬೇಕಾದವಳ ಎದೆ ಗಂಟೆ ಆದಷ್ಟೂ ಭಾರವಾಗುತ್ತ ಹೋಯಿತು.

ಬಿಸಿಲು ಸುಡುತ್ತಿತ್ತು. ಮನೆಗೆ ಬಂದವರು ಹಾಗೆ ಒಣಗುವುದನ್ನು ಕೃಷ್ಣಮ್ಮ ಸಹಿಸುವವರಲ್ಲ. ನಡುಮನೆಯ ಗೂಟದಿಂದ ದೊಡ್ಡ ಕಪ್ಪು ಕೊಡೆಯನ್ನು ತಾವೇ ತಂದು, ಅಂಗಳ ಗುಡಿಸುತ್ತಿದ್ದ ಗಿಡ್ಡಮ್ಮನ ಕೈಗೆ ಕೊಟ್ಟು, ಮೇಡಂಗೆ ಹಿಡಿ ಎಂದರು. ಗಂಡ ಲಾಕಪ್ಪಿನಲ್ಲಿದ್ದ. ಅವನನ್ನು ಅಲ್ಲಿಗೆ ಕಳಿಸಿದವಳಿಗೆ ಹೆಂಡತಿ ನೆರಳು ಹಿಡಿಯಬೇಕು. ಗಿಡ್ಡಮ್ಮ ತುಟಿ ಬಿಗಿದುಕೊಂಡು ಬಂದು ಕೊಡೆ ಬಿಚ್ಚಿದಳು.

ಕೊಡೆಯೊಳಗಿಂದ ಒಂದು ಹಿಡಿ ಪಾರ್ಚ್‌ಮೆಂಟ್ ಬೀಜ ಮಾಲವಿಕಾಳ ತಲೆಯ ಮೇಲೆ ಸುರಿಯಿತು.

ಅವಳು ಕೂದಲಿಂದ ಒಂದು ಬೀಜ ತೆಗೆದು ನೋಡಿದಳು. ನಂತರ ಕಂಬದ ಕಡೆ ನೋಡಿದಳು. ಗಿಡ್ಡಮ್ಮ ಕಣದ ಮಧ್ಯೆಯೇ ನಿಂತಿದ್ದಳು. ಕೊಡೆ ಬಿಚ್ಚಿದ ಮೇಲೆ ಗಂಟೆ ಆಗಿರಲಿಲ್ಲ.

"ಗಿಡ್ಡಮ್ಮ, ಕೊಡೆ ಹಿಡ್ಕೊಂಡೇ ಆ ತುದಿಗೆ ನಡೆದು ಬನ್ನಿ."

ಗಿಡ್ಡಮ್ಮ ನಡೆದಳು, ತಿರುಗಿ ಬಂದಳು. ಗುಡಿಸಲಿನ ಗಂಟೆ ಸುಮ್ಮನಿತ್ತು.

"ಎಂತಕ್ಕೆ ನಡೆಸ್ತೀರಮ್ಮಾ?" ಎಂದಳು ಅವಳು. "ನೀವು ಇದಕ್ಕೆ ಪಾಠ ಹೇಳೋವಾಗ ನಮ್ಮೋರೂ ಇದೇ ಕೊಡೆ ಹಿಡ್ಕೊಂಡು ನಿಂತಿದ್ರಲ್ಲ. ಬೆಳಗಿಂದ ಬೈಗಿನ ತನಕ."

ಮಾಲವಿಕಾ ಕೊಡೆಯನ್ನು ತನ್ನ ಕೈಗೆ ತೆಗೆದುಕೊಂಡು, ತಲೆ ಎತ್ತಿ ಕಂಬದ ಕಣ್ಣನ್ನು ನೋಡಿದಳು.

*

ಓಂಕಾರಮೂರ್ತಿ ಬಂದಾಗ ಅವಳು ಎಲ್ಲರ ಎದುರೇ ವಿವರಿಸಿದಳು. ಕಣ್ಣಿಗೆ ಕಲಿಸುವಾಗ ಅವಳು ಕಂಬದ ಬುಡದಲ್ಲಿ, ಅದರ ನೋಟಕ್ಕೆ ಬೀಳದ ಕಡೆ ಕೂತಿದ್ದಳು. ನೆರಳು ಹಿಡಿದ ಬೊಮ್ಮಯ್ಯ ಒಂದು ಹೆಜ್ಜೆ ಮುಂದೆ ನಿಂತಿದ್ದ. ಬಿಸಿಲು ಸರಿದ ಹಾಗೆ ಅವನೂ ಸರಿಯುತ್ತಿದ್ದ. ಖಾಲಿ ಕಣ ತೋರಿಸಿ, ಇಲ್ಲಿ ಯಾರೂ ಇಲ್ಲ ಎಂದು ಹೇಳಿಕೊಟ್ಟಾಗಲೆಲ್ಲ ಕಣ್ಣಿನ ಮುಂದೆ ಆ ಕೊಡೆ ಇತ್ತು. ಕೊಡೆ ಕಂಡರೆ ಸಾಕು, ಪಕ್ಕದಲ್ಲಿ ಯಾರಿದ್ದರೂ ಇಲ್ಲ ಎಂದೇ ಅದು ಕಲಿಯಿತು. ಮೇಲಿನಿಂದ ನೋಡುವ ಕಣ್ಣಿಗೆ ಕೊಡೆಯ ಕೆಳಗಿನ ಮನುಷ್ಯ ಕಾಣುವುದೂ ಇಲ್ಲ.

"ಹಾಗಾದ್ರೆ ಬೊಮ್ಮಯ್ಯನೇ ಅಂತ ಇನ್ನೂ ಗಟ್ಟಿಯಾಯ್ತಲ್ಲ ಮೇಡಂ. ಕೊಡೆ ಹಿಡಿದೋನು ಅವನೇ" ಎಂದರು ಓಂಕಾರಮೂರ್ತಿ.

"ಸ್ವಿಚ್ಚು ತಲೆದೆಸೆಯಲ್ಲಿ ಇಟ್ಕೊಂಡೋನಿಗೆ ಕೊಡೆ ಯಾಕೆ ಬೇಕು ಸರ್? ಸ್ವಿಚ್ಚು ಮುಟ್ಟೋಕೆ ಆಗದೋನು ಮಾತ್ರ ಕೊಡೆ ಹುಡುಕ್ತಾನೆ."

ಕೊಡೆ ಎಲ್ಲಿರುತ್ತದೆ ಎಂದು ಮಾಲವಿಕಾ ಕೇಳಿದಳು. ನಡುಮನೆಯಲ್ಲಿ ಎಂದರು ಕೃಷ್ಣಮ್ಮ. ಆಳುಗಳು ಜಗಲಿ ದಾಟಿ ಒಳಗೆ ಬರುವುದಿಲ್ಲ. ಕಲಿಸಿದ ದಿನ ಸಂಜೆ ಬೊಮ್ಮಯ್ಯನ ಕೈಯಿಂದ ಇಸಿದುಕೊಂಡು ಗೂಟಕ್ಕೆ ಹಾಕಿದವರೂ ಅವರೇ. ಹೇಳುತ್ತ ಹೇಳುತ್ತ ಅವರ ದನಿ ಇಳಿಯಿತು. ಒಳಗೆ ಇರುವವರು ಇಬ್ಬರೇ, ತಾಯಿ ಮತ್ತು ಮಗ.

ಆಗ ಮಾಲವಿಕಾಳಿಗೆ ಒಂದು ಮಾತು ನೆನಪಾಯಿತು. ಕಲಿಸುವ ದಿನ, ಕಣ್ಣೆದುರು ಬೊಮ್ಮಯ್ಯನಿದ್ದರೂ ಗಂಟೆ ಆಗದ್ದು ಕಂಡು, ದಿಲೀಪ ಜಗಲಿಯಿಂದಲೇ ನಗುತ್ತ ಕೂಗಿದ್ದ, ನಿಮ್ಮ ಕಣ್ಣಿಗೆ ನಮ್ಮ ಬೊಮ್ಮಯ್ಯ ಲೆಕ್ಕಕ್ಕೇ ಇಲ್ಲವಲ್ಲ ಮೇಡಂ ಎಂದು. ಅವಳೂ ನಕ್ಕಿದ್ದಳು. ತಲೆ ಎತ್ತಿ ಬೊಮ್ಮಯ್ಯನನ್ನು ನೋಡಿರಲಿಲ್ಲ.

ಅದನ್ನು ಹೇಳಿದಾಗ ದಿಲೀಪ ಎದ್ದು ನಿಂತ. ಬರೀ ಊಹೆ ಎಂದ. ಆದರೆ ಓಂಕಾರಮೂರ್ತಿ ಆಗಲೇ ಪೇದೆಯಿಂದ, ಅಂಗಳದಲ್ಲಿದ್ದ ದಿಲೀಪನ ಜೀಪಿನ ಹಿಂಬದಿಯ ಚಾಪೆ ಎತ್ತಿಸಿದ್ದರು. ಸಂದಿಗಳಲ್ಲೆಲ್ಲ ಪಾರ್ಚ್‌ಮೆಂಟ್. ಮಡಚಿದ ಕೊಡೆಯನ್ನು ತಲೆಕೆಳಗಾಗಿ ಮೂಟೆಗಳ ನಡುವೆ ತುರುಕಿದ್ದಾಗ ಸೋರಿದ ಬೀಜ ಅದರ ಮಡಿಕೆಗೂ ಸೇರಿತ್ತು.

"ದಿಲೀಪ, ನನ್ನ ಮುಖ ನೋಡಿ ಹೇಳು" ಎಂದರು ಕೃಷ್ಣಮ್ಮ.

ಅವನು ನೆಲ ನೋಡುತ್ತಲೇ ಎಲ್ಲ ಒಪ್ಪಿಕೊಂಡ. ಕಾರ್ ರ್‍ಯಾಲಿಯ ಹುಚ್ಚು. ಹೊಸ ಇಂಜಿನ್ ಕೊಡಿಸು ಎಂದಾಗ ತಾಯಿ ಒಪ್ಪಿರಲಿಲ್ಲ. ಜೀಪನ್ನು ಇಳಿಜಾರಿನಲ್ಲಿ ಸದ್ದಿಲ್ಲದೆ ಉರುಳಿಸಿ ತಂದು, ಗೆಳೆಯನೊಬ್ಬ ಕೊಡೆ ಹಿಡಿದ, ತಾನು ಚೀಲ ತುಂಬಿದ. ಕಾಫಿ ಆಲ್ದೂರಿನ ಒಂದು ಗೋದಾಮಿನಲ್ಲಿತ್ತು. ಬೊಮ್ಮಯ್ಯನನ್ನು ಹೇಗೂ ಎರಡು ದಿನದಲ್ಲಿ ಬಿಡುತ್ತಾರೆ ಅಂದುಕೊಂಡಿದ್ದೆ ಎಂದ.

ಬಿಟ್ಟುಬಿಡೋಣವೇ, ಮನೆಯ ವಿಷಯ ಎಂದು ಓಂಕಾರಮೂರ್ತಿ ಮೆಲ್ಲಗೆ ಕೇಳಿದರು. ಕೃಷ್ಣಮ್ಮ ಗಿಡ್ಡಮ್ಮನನ್ನು ನೋಡಿದರು. "ಬೊಮ್ಮಯ್ಯನನ್ನು ಯಾವ ಜೀಪಲ್ಲಿ ಕರ್ಕೊಂಡು ಹೋದ್ರೋ ಅದರಲ್ಲೇ ಇವನನ್ನೂ ಕರ್ಕೊಂಡು ಹೋಗಿ" ಎಂದು ಹೇಳಿ ಒಳಗೆ ನಡೆದರು.

*

ಸಂಜೆ ಠಾಣೆಯಲ್ಲಿ ಬೊಮ್ಮಯ್ಯನನ್ನು ಹೊರಗೆ ಬಿಟ್ಟರು. ಒಂದು ಕೆನ್ನೆ ಊದಿತ್ತು. ಮಾಲವಿಕಾ ಕೈಮುಗಿದು, ನನ್ನ ಮಾತಿನಿಂದ ಹೀಗಾಯಿತು ಎಂದಳು.

"ನೀವೆಂತ ಮಾಡ್ತೀರಿ ಅಮ್ಮ. ಯಂತ್ರ ಅಲ್ವಾ, ಅದಕ್ಕೆ ಗೊತ್ತಾಗಲಿಲ್ಲ" ಎಂದ ಅವನು.

ಅವನು ಬೈದಿದ್ದರೆ ಒಳ್ಳೆಯದಿತ್ತು ಎನ್ನಿಸಿತು ಅವಳಿಗೆ. ಯಂತ್ರಕ್ಕೆ ಅವಳು ಕಲಿಸಿದ್ದಷ್ಟೇ ಗೊತ್ತಿತ್ತು.

ಓಂಕಾರಮೂರ್ತಿ ಅವಳ ಹೇಳಿಕೆಯನ್ನು ಹೊಸದಾಗಿ ಬರೆದುಕೊಳ್ಳಲು ಕೂತರು. ಯಂತ್ರ ತಪ್ಪಿತು ಎಂದೇ ಬರೆಯಲೇ, ಕಂಪನಿಯವರ ಕಿವಿಗೂ ಬೀಳುತ್ತದೆ ಎಂದರು. ಬರೆಯಿರಿ ಎಂದಳು.

"ಸರಿ. ಕಲಿಸುವಾಗ ಜೊತೆಗೆ ಯಾರಿದ್ರು?"

ಬಾಗಿಲ ಬಳಿ ಗಿಡ್ಡಮ್ಮ ಗಂಡನ ಕೆನ್ನೆಗೆ ಸೆರಗು ಒತ್ತುತ್ತ ನಿಂತಿದ್ದಳು. ಮಾಲವಿಕಾ ಅವರ ಕಡೆ ತಿರುಗಿ, ಅವನಿಗೂ ಕೇಳುವ ಹಾಗೆ ಹೇಳಿದಳು.

"ಬೊಮ್ಮಯ್ಯ ಇದ್ರು. ಇಡೀ ದಿನ ನನ್ನ ಜೊತೆಗೇ ಇದ್ರು."