ಕಣ್ಣು ಮುಚ್ಚಿದ ಆಮೆ

"ಏ ಹುಡುಗಿ, ಕಾಲು ತೊಳಕೊಂಡು ಬಾ! ದೇವರ ಮನಿ ಅದು!"

ಗೆಳತಿ ಅಮೃತಾಳ ಅಜ್ಜಿ ಹನುಮಂತಮ್ಮ ಕೂಗಿದ ಕೂಗಿಗೆ ಶಿವಲೀಲಾ ಹೊಸ್ತಿಲಲ್ಲೇ ನಿಂತಳು. ಅವಳು ನೋಡಲು ಬಂದದ್ದು ದೇವರನ್ನಲ್ಲ, ಆಮೆಯನ್ನು. ಆದರೆ ಆಮೆ ಇದ್ದದ್ದು ದೇವರ ಮನೆಯಲ್ಲೇ. ಕಾಲು ತೊಳೆದು ಒಳಗೆ ಹೋದಳು.

ದೇವರ ಫೋಟೊಗಳ ಮುಂದೆ ಒಂದು ಹಿತ್ತಾಳೆ ಪರಾತ, ಅಗಲ ತಟ್ಟೆಯಂಥದ್ದು. ಅದರಲ್ಲಿ ಎರಡು ಬೆರಳು ನೀರು. ನೀರಿನಲ್ಲಿ ಅಂಗೈಯಗಲದ ಹಸಿರು ಆಮೆ. ಕಣ್ಣಿನ ಹಿಂದೆ ಕೆಂಪು ಪಟ್ಟಿ, ಬೆನ್ನ ಮೇಲೆ ಅಜ್ಜಿ ಹಚ್ಚಿದ ಕುಂಕುಮ.

"ವಿಷ್ಣು ಪರಮಾತ್ಮ ತಾನಾಗಿ ಮನಿಗೆ ಬಂದಾನ ನೋಡವಾ," ಎಂದು ಅಜ್ಜಿ ಕೈ ಮುಗಿದರು.

ತಾನಾಗಿ ಎಲ್ಲಿ ಬಂತು? ಅಮೃತಾಳ ಪಪ್ಪ ಗಂಗಾವತಿಯಿಂದ ಕಾರಿನಲ್ಲಿ ತಂದದ್ದು!

"ಲಕ್ಕಿ ಅಂತ ಹೆಸರಿಟ್ಟೀನಿ. ಕ್ಯೂಟ್ ಐತಿಲ್ಲ?" ಅಮೃತಾ ಕೇಳಿದಳು.

ಶಿವಲೀಲಾ ಬಗ್ಗಿ ನೋಡಿದಳು. ಚಿಪ್ಪಿನ ಎಡ ಅಂಚಿನಲ್ಲಿ ಸಣ್ಣದೊಂದು ಕಚ್ಚು ಇತ್ತು. ಅವಳ ಹೊಟ್ಟೆಯೊಳಗೆ ಹಸಿಮೆಣಸಿನಕಾಯಿ ಅರೆದು ಹಾಕಿದಂತಾಯಿತು. ಇದು ಅವಳೇ ಆರಿಸಿಟ್ಟಿದ್ದ ಆಮೆ!

ಪ್ರತಿ ಶನಿವಾರ ಅವ್ವನ ಜೊತೆ ಗಂಗಾವತಿ ಸಂತೆಗೆ ಹೋದಾಗ ಶಿವಲೀಲಾ ಶಫೀಸಾಬರ ಬಣ್ಣದ ಮೀನಿನ ಅಂಗಡಿಗೆ ಹೋಗಿಯೇ ಹೋಗುತ್ತಿದ್ದಳು. ಗಾಜಿಗೆ ಮೂಗು ಒತ್ತಿ ನಿಲ್ಲುವ ಹುಡುಗಿಯನ್ನು ಶಫೀಸಾಬರು ಒಂದು ದಿನವೂ ಗದರಲಿಲ್ಲ.

"ನೋಡವಾ ತಂಗಿ, ಆಮಿ ಆರಸಬೇಕಂದ್ರ ಮೊದಲು ಕಣ್ಣು ನೋಡಬೇಕು. ಪಳಪಳ ಹೊಳೀಬೇಕು. ಕೈಯಾಗ ಹಿಡದ್ರ ಕಾಲು ಝಾಡಿಸಬೇಕು," ಎಂದು ಅವರು ಹೇಳಿಕೊಟ್ಟಿದ್ದರು. ಒಮ್ಮೆ ಯಾರೋ ವಾಪಸ್ ತಂದುಕೊಟ್ಟ ಆಮೆಯನ್ನೂ ತೋರಿಸಿದ್ದರು. ಅದರ ಕಣ್ಣು ಬಾತು ಮುಚ್ಚಿಹೋಗಿದ್ದವು. "ಬಿಸಿಲಿಲ್ಲದ, ಹೊಲಸು ನೀರಾಗ ಇಟ್ರ ಹಿಂಗ ಆಗ್ತೈತಿ. ಅದಕ್ಕ ಹೇಳೋದು, ಮೊದಲು ಮನಿ, ಆಮ್ಯಾಲ ಆಮಿ."

ಶಿವಲೀಲಾ ಹಾಗೇ ಮಾಡಿದಳು. ಮನೆಗೆ ಟ್ರ್ಯಾಕ್ಟರ್ ಬಂದ ಮೇಲೆ ಎತ್ತುಗಳಿರಲಿಲ್ಲ. ಅವು ನೀರು ಕುಡಿಯುತ್ತಿದ್ದ ಕಲ್ಲಿನ ಬಾನಿ ಹಿತ್ತಲಲ್ಲಿ ಬರಿದೇ ಬಿದ್ದಿತ್ತು. ಅದನ್ನು ತಿಕ್ಕಿ ತಿಕ್ಕಿ ತೊಳೆದಳು. ಈಜಲು ನೀರು, ಹತ್ತಿ ಕೂತು ಬಿಸಿಲು ಕಾಯಲು ಒಂದು ಅಗಲದ ಇಟ್ಟಿಗೆ, ಬಿಸಿಲು ಜಾಸ್ತಿಯಾದರೆ ಅರ್ಧಕ್ಕೆ ಗೋಣಿಚೀಲದ ನೆರಳು. ಉಳಿದದ್ದು ಒಂದೇ, ಬೆಕ್ಕು ಬಾಯಿ ಹಾಕದಂತೆ ತಂತಿ ಜಾಳಿಗೆಯ ಮುಚ್ಚಳ. "ಬರೋ ಶನಿವಾರ ಅದನ್ನೂ ಮಾಡಿ ಆಮಿ ತರೋಣು," ಎಂದಿದ್ದ ಅಪ್ಪ.

ಆ ಖುಷಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದರೆ ಆಗುತ್ತಿತ್ತು. ಸಾಲೆಯಲ್ಲಿ ಅಮೃತಾಳಿಗೆ ಎಲ್ಲವನ್ನೂ ಹೇಳಿಬಿಟ್ಟಳು. ಅಂಗಡಿ ಎಲ್ಲಿದೆ, ಯಾವ ಆಮೆ, ಎಡಗಡೆಯ ಕಚ್ಚು, ಎಲ್ಲ. ಅಮೃತಾಳ ಪಪ್ಪನಿಗೆ ಸಿದ್ದಾಪುರದಲ್ಲಿ ದೊಡ್ಡ ಅಕ್ಕಿ ವ್ಯಾಪಾರ. ಮಗಳು ಕೇಳಿದ ಎರಡೇ ದಿನಕ್ಕೆ ಆಮೆ ಮನೆಯಲ್ಲಿತ್ತು.

"ಅಂಗಡ್ಯಾಗ ಇನ್ನೂ ನಾಕು ಅದಾವಂತಲ್ಲ, ಬ್ಯಾರೇದು ತರೋಣ ಬಾ," ಎಂದ ಅಪ್ಪ, ಶಿವಲೀಲಾ ಮನೆಗೆ ಬಂದು ಹೇಳಿದಾಗ.

"ನನಗ ಯಾವುದೂ ಬ್ಯಾಡ!" ಎಂದಳು ಶಿವಲೀಲಾ. ಈಗ ತಂದರೆ ಅಮೃತಾಳನ್ನು ನೋಡಿ ತಂದಳು ಎಂದು ಎಲ್ಲರೂ ಅನ್ನುವುದಿಲ್ಲವೇ?

ಸಾಲೆಯಲ್ಲಂತೂ ಲಕ್ಕಿಯದೇ ಮಾತು. ಊಟದ ಬೆಲ್ ಆದರೆ ಹುಡುಗಿಯರೆಲ್ಲ ಅಮೃತಾಳ ಸುತ್ತ. ಶಿವಲೀಲಾ ಮುಖ ಗಂಟಿಕ್ಕಿಕೊಂಡು ದೂರ ಕೂರುತ್ತಿದ್ದಳು, ಆದರೆ ಕಿವಿ ಮಾತ್ರ ಆ ಕಡೆಗೇ.

ಎರಡು ವಾರ ಕಳೆಯಿತು. ಒಂದು ದಿನ ಅಮೃತಾ ತಾನೇ ಬಂದು ಪಕ್ಕದಲ್ಲಿ ಕೂತಳು.

"ಲಕ್ಕಿ ಏನೂ ತಿನ್ನವಲ್ದು. ಮಂಡಾಳು, ಸಕ್ಕರಿ ಎಲ್ಲಾ ಹಾಕಿದ್ವಿ. ಕಣ್ಣೂ ತೆರೀವಲ್ದು. ಅಜ್ಜಿ ಅಂತಾಳ, ಅದು ಧ್ಯಾನ ಮಾಡಾಕತ್ತೈತಂತ. ಹೌದೇನಲೇ? ನಿನಗ ಆಮಿ ಬಗ್ಗೆ ಎಲ್ಲಾ ಗೊತ್ತಲ್ಲ."

ಶಿವಲೀಲಾಳಿಗೆ ಗೊತ್ತಿತ್ತು. ಬಾತ ಕಣ್ಣುಗಳು ಎದುರಿಗೇ ಬಂದಂತಾದವು. ಆದರೆ ಒಳಗಿನ ಉರಿ ಮೊದಲು ಬಾಯಿಗೆ ಬಂತು.

"ಹೌದೇಳು. ಧ್ಯಾನಾನ ಇರಬೇಕು," ಎಂದುಬಿಟ್ಟಳು.

ಅಮೃತಾ ನಂಬಿದಳು. ನಗುತ್ತಾ ಎದ್ದು ಹೋದಳು. ಆ ನಗು ಶಿವಲೀಲಾಳನ್ನು ಸಂಜೆಯವರೆಗೂ ಬಿಡಲಿಲ್ಲ. ಹಿತ್ತಲಿಗೆ ಬಂದರೆ ಬಾನಿಯ ಇಟ್ಟಿಗೆಯ ಮೇಲೆ ಬಿಸಿಲು ಬಿದ್ದಿತ್ತು. ಮುಟ್ಟಿ ನೋಡಿದಳು, ಬೆಚ್ಚಗಿತ್ತು. ಕತ್ತಲ ದೇವರ ಮನೆಯ ಪರಾತ ನೆನಪಾಯಿತು.

ಮರುದಿನ ಅಮೃತಾಳ ಕಣ್ಣು ಕೆಂಪಾಗಿದ್ದವು.

"ಇವತ್ತು ಸಂಜೀಕ ಲಕ್ಕೀನ ಕಾಲುವಿಗೆ ಬಿಡ್ತಾರಂತ. ದೇವರು ಮನ್ಯಾಗ ಸಾಯಬಾರದಂತ."

"ಬಿಡಬ್ಯಾಡ್ರಿ!" ಶಿವಲೀಲಾ ಎದ್ದು ನಿಂತಳು. "ಇವು ನಮ್ಮ ಕಾಲುವಿ ಆಮಿ ಅಲ್ಲ, ನೀರಿಗೆ ಬಿಡಬಾರದು ಅಂತ ಶಫೀಸಾಬ್ರು ಹೇಳ್ಯಾರ. ಅದು ಧ್ಯಾನ ಅಲ್ಲ ಅಮೃತಾ, ಬ್ಯಾನಿ. ನನಗ ನಿನ್ನೇನ ಗೊತ್ತಿತ್ತು."

ಅಮೃತಾ ಅವಳನ್ನೊಮ್ಮೆ ದಿಟ್ಟಿಸಿ, ಎದ್ದು ಹೋಗಿ ತನ್ನ ಜಾಗದಲ್ಲಿ ಕೂತಳು. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಶಿವಲೀಲಾಳಿಗೆ.

ಸಾಲೆ ಬಿಟ್ಟ ಕೂಡಲೇ ಇಬ್ಬರೂ ಓಡಿದರು. ಅಜ್ಜಿ ಪರಾತ ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ಅಜ್ಜಿ, ಅದಕ್ಕ ಬಿಸಿಲು ಬೇಕ್ರಿ," ಎಂದಳು ಶಿವಲೀಲಾ.

"ದೇವರನ್ನ ಬಿಸಿಲಾಗ ಇಡೂದೇನ?"

"ಬಿಸಿಲೂ ದೇವರ ಅಲ್ಲೇನ್ರಿ? ಮುಂಜಾನಿ ನೀವ ಸೂರ್ಯಗ ನೀರು ಬಿಡ್ತೀರಲ್ಲ."

ಅಜ್ಜಿ ಕೈಯಲ್ಲಿದ್ದ ಪರಾತವನ್ನೂ ಹುಡುಗಿಯ ಮುಖವನ್ನೂ ನೋಡಿದರು. "ಮಾತಿಗೇನ ಕಮ್ಮಿ ಇಲ್ಲ ನಿನಗ. ಹಿಡಿ," ಎಂದರು.

ಅಮೃತಾಳ ಪಪ್ಪನ ಜೊತೆ ದನದ ದವಾಖಾನೆಗೆ ಹೋದರು. ಡಾಕ್ಟರು ಇಂಜೆಕ್ಷನ್ ಮಾಡಿ, ಕಣ್ಣಿಗೆ ಹನಿ ಔಷಧ ಕೊಟ್ಟರು. "ಬಿಸಿಲು, ಸ್ವಚ್ಛ ನೀರು, ಆಮಿ ತಿನ್ನೋ ಕಾಳು. ಮಂಡಾಳು ಬಂದ್," ಎಂದರು. ಅಷ್ಟೆಲ್ಲ ಸಿದ್ಧವಿದ್ದ ಮನೆ ಊರಿನಲ್ಲಿ ಒಂದೇ ಇತ್ತು. ಲಕ್ಕಿ ಕಲ್ಲಿನ ಬಾನಿಗೆ ಬಂತು. ಅಪ್ಪ ಅವತ್ತೇ ಕೂತು ಜಾಳಿಗೆ ಮುಚ್ಚಳ ಕಟ್ಟಿದ.

ದಿನಾ ಸಂಜೆ ಅಮೃತಾ ಬರುತ್ತಿದ್ದಳು. ಒಬ್ಬಳು ಹಿಡಿಯುವುದು, ಇನ್ನೊಬ್ಬಳು ಹನಿ ಹಾಕುವುದು. ಆಮೇಲೆ ಇಬ್ಬರೂ ಸೋಪು ಹಚ್ಚಿ ಕೈ ತೊಳೆಯುವುದು. ಹತ್ತನೆಯ ದಿನ ಲಕ್ಕಿ ಎಡಗಣ್ಣು ತೆರೆಯಿತು. ಹಿಡಿದರೆ ಕಾಲು ಝಾಡಿಸಿ ಅಮೃತಾಳ ಮುಖಕ್ಕೆ ನೀರು ಹಾರಿಸಿತು.

ಅಮೃತಾ ಮುಖ ಒರೆಸಿಕೊಳ್ಳುತ್ತಾ ಕೇಳಿದಳು, "ಅವತ್ತು ಧ್ಯಾನ ಅಂತ ಯಾಕ ಅಂದಿ?"

ಶಿವಲೀಲಾ ನೆಲ ನೋಡಿದಳು. "ಹೊಟ್ಟಿಕಿಚ್ಚು."

ಅಮೃತಾ ಬಾನಿಯ ಅಂಚಿನ ಮೇಲೆ ಬೆರಳಾಡಿಸಿದಳು. "ನನಗೂ ಆಗಿತ್ತು. ನೀ ಈ ಬಾನಿ, ಇಟ್ಟಂಗಿ, ಗೋಣಿಚೀಲ ಎಲ್ಲಾ ಹೇಳಿದ್ಯಲ್ಲ, ಅವತ್ತು. ಅದಕ್ಕ ಪಪ್ಪನ ಹತ್ರ ಹಟ ಮಾಡಿದ್ದು."

ಶಿವಲೀಲಾ ತಲೆಯೆತ್ತಿದಳು. ದೊಡ್ಡ ಮನೆ, ಕಾರು ಇರುವ ಅಮೃತಾಳಿಗೆ ಈ ಹಳೇ ಬಾನಿಯ ಮೇಲೆ ಹೊಟ್ಟೆಕಿಚ್ಚು! ನಗು ಬಂತು. ಇಬ್ಬರಿಗೂ ಬಂತು.

ಮುಂದಿನ ವಾರ ಅಮೃತಾಳ ಮಾಳಿಗೆಯ ಮೇಲೆ ದೊಡ್ಡ ಟಬ್ ಸಿದ್ಧವಾಯಿತು. ಅರ್ಧಕ್ಕೆ ನೆರಳು, ಮೇಲೆ ಜಾಳಿಗೆ. ಲಕ್ಕಿಯನ್ನು ಬಕೆಟ್‌ನಲ್ಲಿಟ್ಟುಕೊಂಡು ಅಮೃತಾ ಹೊರಟಳು. ಬಾನಿ ಖಾಲಿಯಾಯಿತು. ಶಿವಲೀಲಾಳ ಹೊಟ್ಟೆಯಲ್ಲಿ ಹಳೇ ಉರಿ ಇನ್ನೂ ಸ್ವಲ್ಪ ಇತ್ತು.

"ತಡಿ," ಎಂದಳು. ಬಾನಿಯೊಳಗೆ ಕೈ ಹಾಕಿ ಆ ಅಗಲದ ಇಟ್ಟಿಗೆಯನ್ನು ಎತ್ತಿ ಕೊಟ್ಟಳು. "ಇದನ್ನೂ ಒಯ್ಯಿ. ಅದಕ್ಕ ಇದರ ಮ್ಯಾಲ ಕುಂತು ರೂಢಿ ಆಗೈತಿ."

ಅಮೃತಾ ಬೀದಿ ತಿರುಗುವವರೆಗೆ ಶಿವಲೀಲಾ ನೋಡುತ್ತ ನಿಂತಿದ್ದಳು. ಆಮೇಲೆ ಒಳಗೆ ಇಣುಕಿದಳು. "ಅಪ್ಪಾ, ನಾಳೆ ಶನಿವಾರ ಹೌದಿಲ್ಲ?"

ಉತ್ತರಕ್ಕೂ ಕಾಯದೆ ಹಿತ್ತಲಿಗೆ ಹೋಗಿ ಅಂಥದೇ ಇನ್ನೊಂದು ಇಟ್ಟಿಗೆ ಹುಡುಕತೊಡಗಿದಳು.