ಆಂಬುಲೆನ್ಸಿನ ಆಯಿಲ್ ಪ್ರಕರಣ

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಠಾಣೆಗೆ ಬಂದ ದೂರನ್ನು ಇನ್ಸ್‌ಪೆಕ್ಟರು ಅರ್ಧ ಓದಿ ಮೂಗು ಮುರಿದರು. ಖಾಸಗಿ ಆಸ್ಪತ್ರೆಯ ಆಂಬುಲೆನ್ಸ್ ಚಾಲಕ ಎಂಜಿನ್ ಆಯಿಲ್ ಕದ್ದು ಮಾರಿದ್ದಾನೆ; ಆಯಿಲ್ ಇಲ್ಲದೆ ಗಾಡಿ ನಡುರಸ್ತೆಯಲ್ಲಿ ಜಾಮ್ ಆಗಿದೆ; ಒಳಗಿದ್ದ ಹೃದ್ರೋಗಿ, ವೃತ್ತಿಯಿಂದ ದರ್ಜಿ, ಇನ್ನೊಂದು ಗಾಡಿ ಬರುವಷ್ಟರಲ್ಲಿ ತೀರಿಕೊಂಡಿದ್ದಾನೆ. ಡ್ರೈವರುಗಳ ಬಗ್ಗೆ ಇನ್ಸ್‌ಪೆಕ್ಟರಿಗೆ ಮೊದಲಿಂದಲೂ ಒಂದೇ ಅಭಿಪ್ರಾಯ. ಗಾಡಿಯಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ಮಾರುವವರು, ಸ್ಟೀರಿಂಗ್ ಒಂದನ್ನು ಬಿಡುವುದು ಓಡಿಸಲು ಬೇಕಲ್ಲ ಎಂದು.

ಎದುರಿನ ಬೆಂಚಿನಲ್ಲಿ ದರ್ಜಿಯ ಹೆಂಡತಿ ಕೂತಿದ್ದಳು. ಪಕ್ಕದಲ್ಲಿ ಆಸ್ಪತ್ರೆಯ ಮ್ಯಾನೇಜರ್, ಮದುವೆ ಮನೆಗೆ ಹೊರಟವನಂತೆ ಸೆಂಟು ಪೂಸಿಕೊಂಡು ನಿಂತಿದ್ದ.

"ದೂರು ಬರೆದದ್ದು ಯಾರಮ್ಮ?"

"ಇವರೇ ಬರೆಸಿಕೊಟ್ರು ಸಾರ್. ನಂಗೆ ಆಯಿಲ್ ಗೀಯಿಲ್ ಏನು ಗೊತ್ತು? ಗಾಡಿ ನಿಂತ ಮೇಲೂ ನಮ್ಮವರು ಮಾತಾಡ್ತಾನೇ ಇದ್ರು. ಅಂಗಡಿ ಬೀಗ ಹಾಕಿದ್ಯಾ ಅಂತ ಕೇಳಿದ್ರು. ಆ ಡ್ರೈವರ್ ಗಾಡಿ ಕೆಳಗೆ ನುಗ್ಗಿ ಅಳ್ತಾ ಇದ್ದ. ಅಷ್ಟೇ ನಂಗೆ ನೆನಪಿರೋದು."

"ಕಳ್ಳನ ಅಳು ಬಿಡಿ ಸಾರ್," ಎಂದ ಮ್ಯಾನೇಜರ್. "ಆಯಿಲ್ ಕಮ್ಮಿ ಆಗ್ತಿದೆ ಅಂತ ತಿಂಗಳಿಗೆ ಮೂರು ಸಲ ಡಬ್ಬಿ ಕೇಳ್ತಿದ್ದ. ಒಂದು ಡಬ್ಬಿ ಎಂಜಿನ್‌ಗೆ, ಎರಡು ಮನೆಗೆ. ನಾನು ಗದರಿಸಿದ್ಮೇಲೆ ಕೇಳೋದು ಬಿಟ್ಟ."

ಎಫ್‌ಐಆರ್ ದಾಖಲಾಯಿತು. ನಿರ್ಲಕ್ಷ್ಯದಿಂದ ಸಾವು, ಜೊತೆಗೆ ಕಳವು, ಆರೋಪಿ ಚಾಲಕ. ಆರೋಪ ಸಾಬೀತಾದರೆ ಅವನ ಲೈಸೆನ್ಸ್ ಹೋಗುತ್ತದೆ, ಜೈಲು ಕಟ್ಟಿಟ್ಟದ್ದು, ಊರಿನ ಪಾಲಿಗೆ ಜೀವಮಾನವಿಡೀ ಅವನು ಹೆಣ ಕೆಡವಿದವನು. ಇನ್ಸ್‌ಪೆಕ್ಟರಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಮಧ್ಯಾಹ್ನ ಹೆಡ್ ಕಾನ್‌ಸ್ಟೆಬಲ್ ಚಾಲಕನನ್ನು ಕರೆತಂದರು. ಹೆಡ್ ಕಾನ್‌ಸ್ಟೆಬಲ್‌ರನ್ನು ಠಾಣೆಯಲ್ಲೆಲ್ಲ ಮೀಸೆ ಎಂದೇ ಕರೆಯುತ್ತಿದ್ದರು. ಮೀಸೆ ಬೋಳಿಸಿ ಎಷ್ಟೋ ವರ್ಷವಾಗಿದ್ದರೂ ಹೆಸರು ಬೆಳೆಯುತ್ತಲೇ ಇತ್ತು. ಚಾಲಕನಿಗೆ ನಲವತ್ತರ ಆಸುಪಾಸು, ತೊಳೆದರೂ ಹೋಗದ ಕಪ್ಪು ಉಗುರು.

"ಎಷ್ಟು ಡಬ್ಬಿ ಮಾರಿದೆ?"

"ಒಂದೂ ಇಲ್ಲ ಸಾರ್."

"ಹಾಗಾದ್ರೆ ಆಯಿಲ್ ಎಲ್ಲಿಗೆ ಹೋಯ್ತು? ರೆಕ್ಕೆ ಬಂತಾ?"

"ಗೊತ್ತಿಲ್ಲ ಸಾರ್. ಗ್ಯಾರೇಜ್ ಮೇಸ್ತ್ರಿ ಎಂಜಿನ್ ಕೆಲಸ ಮಾಡಿಕೊಟ್ಟಾಗಿನಿಂದ ಅದು ಆಯಿಲ್ ಕುಡೀತಾ ಇತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ನೀಲಿ ಹೊಗೆ. ಹೋಗಿ ಹೇಳಿದ್ದಕ್ಕೆ, ಎಂಜಿನ್ ಕುಡಿಯಲ್ಲ, ನೀನು ಕುಡೀತೀಯ ಅಂತ ಎಲ್ಲರೆದುರು ಉಗಿದ್ರು. ಇನ್ನೊಂದು ಸಲ ಗಾಡಿನ ಗ್ಯಾರೇಜಲ್ಲೇ ಬಿಟ್ಟುಬಂದೆ. ಆಮೇಲೆ ಸರಿಹೋಯ್ತು."

"ಏನು ಸರಿಹೋಯ್ತು?"

"ದಿನಾ ಆಯಿಲ್ ಅಳೆಯೋ ಗೇಜ್ ಕಡ್ಡಿ ಎಳೆದು ನೋಡ್ತಿದ್ದೆ. ಮೇಲಿನ ಗೆರೆ ದಾಟಿ ಇರ್ತಿತ್ತು, ಆಮೇಲೆ ಗೆರೆಗೆ ಬಂತು. ಕೆಳಗಿನ ಗೆರೆಗೆ ಇಳಿಯಲೇ ಇಲ್ಲ. ಅದಕ್ಕೇ ಡಬ್ಬಿ ಕೇಳಲಿಲ್ಲ."

"ಆಯಿಲ್ ಕಮ್ಮಿ ಆದ್ರೆ ಹತ್ತೋ ಕೆಂಪು ದೀಪ ಹತ್ತಲಿಲ್ವಾ?"

"ತಿರುವಿನಲ್ಲಿ ಮಿಣಮಿಣ ಅಂತಿತ್ತು. ವೈರ್ ಲೂಸು, ದೀಪ ಸುಳ್ಳು ಹೇಳತ್ತೆ, ಗೇಜ್ ನಂಬು ಅಂದ್ರು ಮೇಸ್ತ್ರಿ."

ಇನ್ಸ್‌ಪೆಕ್ಟರು ಅವನ ಮುಖವನ್ನು ನೋಡಿದರು. ಸುಳ್ಳು ಹೇಳುವವನು ಇಷ್ಟು ಪೆದ್ದು ಸುಳ್ಳು ಹೇಳುವುದಿಲ್ಲ. ತಾನು ಬಚಾವಾಗಬೇಕಾದರೆ ಎಂಜಿನ್ ಆಯಿಲ್ ಕುಡಿಯುತ್ತಲೇ ಇತ್ತು ಎನ್ನುತ್ತಾನೆ, ಕುಡಿಯುವುದು ನಿಂತುಹೋಯಿತು ಎನ್ನುತ್ತಾನೆಯೇ?

ಮರುದಿನ ಆಸ್ಪತ್ರೆಯ ಹಿತ್ತಲಿನ ಶೆಡ್ಡಿನಲ್ಲಿ ಪಂಚನಾಮೆ. ಸಾರಿಗೆ ಇಲಾಖೆಯಿಂದ ಬಂದ ವಾಹನ ನಿರೀಕ್ಷಕಿ ಮಾತಿನಲ್ಲಿ ಭಾರೀ ಜಿಪುಣಿ. ಇಬ್ಬರು ಪಂಚರ ಎದುರು ಅವಳು ಮೊದಲು ನೆಲ ನೋಡಿದಳು. ಗಾಡಿ ನಿಲ್ಲುವ ಜಾಗದಲ್ಲಿ ಎಣ್ಣೆಯ ಕಲೆಯಿಲ್ಲ. ಕೆಳಗೆ ತೂರಿ ಎಂಜಿನ್ನಿನ ಹೊಟ್ಟೆ ಸವರಿದಳು, ಕೈಗೆ ಧೂಳು ಹತ್ತಿತು.

"ಸೋರಿಕೆ ಇಲ್ಲ," ಎಂದಳು. "ಆಯಿಲ್ ಇಳಿಸೋ ಬೋಲ್ಟ್ ಮೇಲೆ ಗ್ಯಾರೇಜಿನವರು ಹಚ್ಚಿದ ಬಣ್ಣದ ಗುರುತು ಹಾಗೇ ಇದೆ. ಕೆಳಗಿಂದ ಯಾರೂ ಕದ್ದಿಲ್ಲ."

"ಮೇಲಿಂದ?"

"ಮೇಲಿಂದ ಪೈಪ್ ಇಳಿಸಿ ಹೀರಬಹುದು. ಆದ್ರೆ ಸೈಲೆನ್ಸರ್ ಒಳಗೆ ಬೆರಳು ಹಾಕಿ ನೋಡಿ."

ಇನ್ಸ್‌ಪೆಕ್ಟರ ಬೆರಳಿಗೆ ಒದ್ದೆ ಮಸಿ ಮೆತ್ತಿಕೊಂಡಿತು. ಅವರು ಅದನ್ನು ಒರೆಸಿದ್ದು ಮ್ಯಾನೇಜರ್ ಕೈಯಲ್ಲಿದ್ದ ಬಿಳೀ ಕರವಸ್ತ್ರಕ್ಕೆ. ಕೇಳುವ ಗೋಜಿಗೆ ಹೋಗಲಿಲ್ಲ.

"ಇದು ಒಳಗೇ ಉರಿದ ಎಣ್ಣೆ," ಎಂದಳು ನಿರೀಕ್ಷಕಿ. ಗೇಜ್ ಕಡ್ಡಿ ಎಳೆದಳು. ಎಣ್ಣೆ ಎರಡು ಗೆರೆಗಳ ನಡುವೆ ಇತ್ತು. ಅಂದರೆ ಬೇಕಾದಷ್ಟಿದೆ. ಬೋಲ್ಟ್ ಬಿಚ್ಚಿ ಬಕೆಟ್ಟಿಗೆ ಇಳಿಸಿದರೆ, ಐದಾರು ಲೀಟರ್ ಇರಬೇಕಾದ ಕಡೆ ಒಂದು ಲೀಟರ್ ಕೂಡ ತುಂಬಲಿಲ್ಲ. ಅವಳು ಅದೇ ಮಾದರಿಯ ಹೊಸ ಕಡ್ಡಿಯನ್ನು ತರಿಸಿ ಪಕ್ಕದಲ್ಲಿ ಹಿಡಿದಳು. ಗಾಡಿಯಲ್ಲಿದ್ದ ಕಡ್ಡಿ ಅದಕ್ಕಿಂತ ಎರಡು ಬೆರಳು ಹೆಚ್ಚು ಉದ್ದ. ತಳಕ್ಕೆ ತಾಗದಂತೆ ಅದರ ತುದಿಯನ್ನು ಅರದಿಂದ ಉಜ್ಜಿ ಮೊಂಡು ಮಾಡಿದ್ದರು. ಇಷ್ಟು ಉದ್ದದ ಕಡ್ಡಿಯ ಗೆರೆಗಳು ಆಳಕ್ಕೆ ಇಳಿಯುವುದರಿಂದ ಎಂಜಿನ್ ಬರಿದಾಗುತ್ತಿದ್ದರೂ ತುಂಬಿದಂತೆಯೇ ಕಾಣುತ್ತದೆ.

ಚಾಲಕ ಪ್ರತಿದಿನ ಶ್ರದ್ಧೆಯಿಂದ ನೋಡಿದ್ದು ಈ ಸುಳ್ಳು ಕಡ್ಡಿಯನ್ನು. ಇನ್ಸ್‌ಪೆಕ್ಟರಿಗೆ ಮೊದಲ ಸಲ ಮೈ ಉರಿಯಿತು, ಮತ್ತು ಆ ಉರಿ ಸ್ವಲ್ಪ ತಮ್ಮ ಮೇಲೂ ಇತ್ತು.

ಎಂಜಿನ್ ಬಿಚ್ಚಲು ಮಿಕ್ಕ ದಿನವೆಲ್ಲ ಹಿಡಿಯಿತು. ವಾಲ್ವಿನ ಸೀಲುಗಳು ಹೊಸವು, ಅಲ್ಲಿಂದ ಎಣ್ಣೆ ಒಳಗಿಳಿದಿಲ್ಲ. ಪಿಸ್ಟನ್ನುಗಳ ತಲೆ ಮೇಲೆ ಮಾತ್ರ ಮಸಿಯ ದಪ್ಪ ಹಕ್ಕಳೆ. ನಿರೀಕ್ಷಕಿ ಒಂದು ರಿಂಗನ್ನು ಬಿಡಿಸಿ ಬೆಳಕಿಗೆ ಹಿಡಿದಳು.

"ಪಿಸ್ಟನ್‌ಗೆ ಮೂರು ರಿಂಗು. ಎರಡನೇದರ ಅಂಚು ಓರೆ. ಪಿಸ್ಟನ್ ಇಳಿಯೋವಾಗ ಗೋಡೆ ಮೇಲಿನ ಎಣ್ಣೆನ ಕೆಳಕ್ಕೆ ಕೆರೀಬೇಕು. ತಿರುಗಿಸಿ ಹಾಕಿದ್ರೆ ಮೇಲಕ್ಕೆ ತಳ್ಳತ್ತೆ, ಅಲ್ಲಿ ಉರಿದುಹೋಗತ್ತೆ. ಮೇಲ್ಮುಖ ಯಾವುದು ಅಂತ ಇಲ್ಲಿ ಗುರುತಿದೆ ನೋಡಿ."

ಗುರುತು ಸಾಸಿವೆ ಕಾಳಿಗಿಂತ ಚಿಕ್ಕದು. ನಾಲ್ಕೂ ಪಿಸ್ಟನ್ನುಗಳಲ್ಲಿ ಅದು ನೆಲ ನೋಡುತ್ತಿತ್ತು.

"ಹೊಸಬರು ಮಾಡೋ ತಪ್ಪು," ಎಂದಳು ಅವಳು. "ಇದನ್ನು ಕಟ್ಟಿದ್ದು ಯಾರು?"

ಕಟ್ಟಿದವನು ಹೊಸಬನಲ್ಲ. ಮೇಸ್ತ್ರಿಯೆಂದರೆ ಊರಿಗೇ ಒಬ್ಬ. ಬಾನೆಟ್ ಎತ್ತುವ ಮೊದಲೇ ಕಾಯಿಲೆ ಹೇಳುತ್ತಾನೆಂದು ಹೆಸರು, ಹೇಳಿಸಿಕೊಂಡವರಿಗೆ ಬೈಗುಳ ಉಚಿತ. ಬುಧವಾರ ಪೊಲೀಸರು ಹೋದಾಗ ಅವನು ಗ್ಯಾರೇಜಿನ ಎತ್ತರದ ಸ್ಟೂಲಿನ ಮೇಲೆ ಒಂದು ಕಲೆಯೂ ಇಲ್ಲದ ಅಂಗಿಯಲ್ಲಿ ಕೂತು, ಕೆಲಸಗಾರನೊಬ್ಬನಿಗೆ ನೀನು ಹುಟ್ಟಿದ್ದೇ ದಂಡ ಎಂದು ವಿವರಿಸುತ್ತಿದ್ದ. ಇನ್ಸ್‌ಪೆಕ್ಟರನ್ನು ಕಂಡು ಇಳಿಯಲಿಲ್ಲ.

"ಆಂಬುಲೆನ್ಸ್ ಎಂಜಿನ್ ಕಟ್ಟಿದ್ದು ಯಾರು?"

"ನಾನು. ನಾನು ಎಂಜಿನ್ ಕಟ್ಟಿ ಕಳಿಸಿದ್ರೆ ವರ್ಷಗಟ್ಟಲೆ ರಿಪೇರಿಗೆ ತಿರುಗಿ ಬರಲ್ಲ."

"ಈ ಗಾಡಿ ಬಂತಲ್ಲ."

"ಡ್ರೈವರ್ ಕಳ್ಳ. ಅವನಿಗೆ ಎಂಜಿನ್ ಗೊತ್ತಾ? ನಿಮಗೆ ಗೊತ್ತಾ? ಆ ಸರ್ಕಾರಿ ಮೇಡಂಗೆ ಗೊತ್ತಾ?"

"ಎರಡನೇ ಸಲ ಬಂದಾಗ ಏನು ಮಾಡಿದ್ರಿ?"

"ನೋಡಿ ಕಳಿಸ್ದೆ."

ಅಷ್ಟರಲ್ಲಿ ಮೀಸೆ ಹಿಂಬದಿಯ ಗುಜರಿ ಅಂಗಳದಿಂದ ಕೂಗಿದರು. ಅಲ್ಲೊಂದು ಹಳೇ ಸರಕು ವ್ಯಾನ್ ನಿಂತಿತ್ತು. ಅದರ ಗೇಜ್ ಕಡ್ಡಿ ಇರಬೇಕಾದ ತೂತಿಗೆ ಬಟ್ಟೆ ತುರುಕಿತ್ತು. ಬಟ್ಟೆ ಕಿತ್ತು ಆಂಬುಲೆನ್ಸಿನ ಸುಳ್ಳು ಕಡ್ಡಿಯನ್ನು ಇಳಿಸಿದರೆ ಟಕ್ಕನೆ ಕೂತಿತು. ಆಂಬುಲೆನ್ಸಿನ ನಿಜವಾದ ಕಡ್ಡಿ ಸಿಕ್ಕಿದ್ದು ಮೇಸ್ತ್ರಿಯ ಮೇಜಿನ ಖಾನೆಯಲ್ಲಿ. ಅದರ ಕೆಳಗೆ ಒಂದು ಕನ್ನಡಕದ ಡಬ್ಬಿ. ಕನ್ನಡಕ ಹೊಸದು, ಗಾಜಿಗೆ ಅಂಟಿಸಿದ್ದ ಅಂಗಡಿಯ ಚೀಟಿಯನ್ನು ಕೂಡ ಯಾರೂ ಕಿತ್ತಿರಲಿಲ್ಲ.

ಇನ್ಸ್‌ಪೆಕ್ಟರು ಕೆಲಸಗಾರರನ್ನೆಲ್ಲ ಹೊರಗೆ ಕಳಿಸಿ, ಜೇಬಿನಿಂದ ಒಂದು ಹೊಸ ರಿಂಗು ತೆಗೆದು ಅವನ ಕೈಗಿಟ್ಟರು.

"ಇದರ ಮೇಲ್ಮುಖ ಯಾವುದು?"

"ಮಕ್ಕಳಾಟಾನಾ ಇದು?"

"ಹೇಳಿ."

ಮೇಸ್ತ್ರಿ ರಿಂಗನ್ನು ಹೆಬ್ಬೆರಳಿನಿಂದ ಸುತ್ತಲೂ ಸವರಿದ. ಕಿಟಕಿಯ ಕಡೆ ತಿರುಗಿದ, ತೋಳು ಉದ್ದ ಮಾಡಿದ, ಮತ್ತೆ ಸವರಿದ. "ಇದು," ಎಂದ.

ತಪ್ಪು ಮುಖ. ಇನ್ಸ್‌ಪೆಕ್ಟರು ಕನ್ನಡಕವನ್ನು ಮುಂದಕ್ಕೆ ಚಾಚಿದರು. "ಹಾಕ್ಕೊಂಡು ನೋಡಿ."

"ನಂಗೆ ಬೇಡ ಅದು. ಕಣ್ಣು ಮುಚ್ಕೊಂಡು ಎಂಜಿನ್ ಕಟ್ತೀನಿ ನಾನು."

"ಹಾಗೇ ಕಟ್ಟಿದ್ದೀರಿ."

ಮೇಸ್ತ್ರಿ ರಿಂಗನ್ನು ಮೇಜಿನ ಮೇಲಿಟ್ಟ. ಮತ್ತೆ ಮಾತು ಶುರು ಮಾಡಿದಾಗ ದನಿ ಇಳಿದಿತ್ತು. ಎಂಜಿನ್ ಆಯಿಲ್ ತಿನ್ನುತ್ತಿದೆಯೆಂದು ಹೊಗೆ ಕಂಡ ದಿನವೇ ಅವನಿಗೆ ತಿಳಿದಿತ್ತು. ಮತ್ತೆ ಬಿಚ್ಚಿದ್ದರೆ, ದಿನಬೆಳಗಾದರೆ ತನ್ನಿಂದ ಉಗಿಸಿಕೊಳ್ಳುವ ಕೆಲಸಗಾರರೆಲ್ಲ ಸುತ್ತ ನಿಂತು ಅವನ ತಪ್ಪನ್ನು ನೋಡುತ್ತಿದ್ದರು. ಕಡ್ಡಿ ಬದಲಿಸಿದರೆ ಡ್ರೈವರಿನ ಬಾಯಿ ಮುಚ್ಚುತ್ತದೆ, ಎಂಜಿನ್ ಹೇಗೋ ಕೆಲವು ತಿಂಗಳು ಎಳೆಯುತ್ತದೆ, ಆಮೇಲೆ ದೂರಲು ಡ್ರೈವರ್ ಇದ್ದೇ ಇದ್ದಾನೆ.

ಇನ್ಸ್‌ಪೆಕ್ಟರು ಠಾಣೆಯಲ್ಲಿ ಕೊಲೆಗಡುಕರನ್ನೂ ಕೂರಿಸಿ ಕುಡಿಯಲು ನೀರು ಕೊಟ್ಟವರು. ದ್ವೇಷಕ್ಕೆ, ಹಸಿವಿಗೆ, ಕುಡಿತದ ಅಮಲಿಗೆ ಕೈ ಎತ್ತಿದವರು ಅವರೆಲ್ಲ. ಈ ಇಸ್ತ್ರಿ ಅಂಗಿಯವನಂಥ ಕ್ಷುಲ್ಲಕ ಮನುಷ್ಯನನ್ನು ಅವರು ಕಂಡಿರಲಿಲ್ಲ. ಆಂಬುಲೆನ್ಸ್ ಎಂದು ಗೊತ್ತಿದ್ದೂ ಮಾಡಿದ್ದ.

ಹೇಳಿಕೆ ಬರೆಯುವಾಗ ಮೇಸ್ತ್ರಿ ಮೀಸೆಯ ಪೆನ್ನಿಗೆ ಕೈ ಅಡ್ಡ ಇಟ್ಟ.

"ಗೇಜ್ ಬದಲಿಸಿದ್ದು ನಾನೇ. ಬರ್ಕೊಳ್ಳಿ. ಆ ಮನುಷ್ಯ ಸತ್ತಿದ್ದು ನನ್ನಿಂದ ಅಂತ್ಲೂ ಬರ್ಕೊಳ್ಳಿ. ರಿಂಗ್ ತಿರುಗಾಮುರುಗಾ ಹಾಕ್ದೆ ಅಂತ ಮಾತ್ರ ಬೇಡ. ಊರವರು ಏನಂತಾರೆ?"

"ಎಲ್ಲಾ ಬರೀರಿ," ಎಂದರು ಇನ್ಸ್‌ಪೆಕ್ಟರು ಮೀಸೆಗೆ. "ರಿಂಗಿನದ್ದು ಮೊದಲು ಬರೀರಿ."

ಸಂಜೆ ಮೇಸ್ತ್ರಿಯ ದಸ್ತಗಿರಿಯಾಯಿತು. ಚಾಲಕನನ್ನು ಬಿಡುಗಡೆ ಮಾಡಿದಾಗ ಇನ್ಸ್‌ಪೆಕ್ಟರಿಗೆ ಕ್ಷಮೆಯಂಥದ್ದು ಏನೋ ಹೇಳಬೇಕೆನಿಸಿತು. ಬಾಯಿಗೆ ಅಭ್ಯಾಸವಿಲ್ಲದ ಮಾತು, "ಊಟ ಮಾಡಿ ಹೋಗು" ಎಂದಷ್ಟೇ ಹೊರಬಂತು. ಅವನು ಊಟ ಮಾಡದೆ ಮನೆಗೆ ಓಡಿದ.

ದರ್ಜಿಯ ಹೆಂಡತಿಗೆ ವಿಷಯ ತಿಳಿಸಲು ಇನ್ಸ್‌ಪೆಕ್ಟರು ತಾವೇ ಹೋದರು. ಅಂಗಡಿ ತೆರೆದಿತ್ತು. ಗಂಡ ಒಪ್ಪಿಕೊಂಡಿದ್ದ ಬಟ್ಟೆಗಳನ್ನು ಅವಳೇ ಹೊಲಿದು ಮುಗಿಸುತ್ತಿದ್ದಳು. ರಿಂಗು, ಕಡ್ಡಿ, ಕಣ್ಣು ಎಲ್ಲವನ್ನೂ ಹೇಳಿದ್ದಾಯಿತು. ಅವಳು ಹೊಲಿಗೆ ನಿಲ್ಲಿಸದೆ ಕೇಳಿಸಿಕೊಂಡಳು.

"ಕನ್ನಡಕ ಹಾಕ್ಕೊಳ್ಳೋಕೆ ನಾಚಿಕೆ ಅಂತಾನಾ ಸಾರ್?"

"ಹೌದಮ್ಮ."

"ನಮ್ಮವರಿಗೂ ಕಣ್ಣು ಮಂದ ಆಗಿತ್ತು. ಎಂಥಾ ಗಿರಾಕಿ ಎದುರಿಗಿದ್ರೂ, ಏ, ಬಾರೇ ಇಲ್ಲಿ, ಸೂಜಿಗೆ ದಾರ ಪೋಣಿಸಿಕೊಡು ಅಂತ ಕೂಗೋರು. ಎಲ್ಲರೂ ನಗೋರು. ಅವರೂ ನಗೋರು."

ಅವಳು ಹೊಲಿಗೆಯನ್ನು ಮಡಿಲಲ್ಲೇ ಬಿಟ್ಟು, ಗಂಡ ಸತ್ತ ದಿನದ ನಂತರ ಮೊದಲ ಸಲ, ಬಾಯಿಬಿಟ್ಟು ಅತ್ತಳು.