ತಣ್ಣಗಾಗುವ ತನಕ ಕಾದವನು

ಬುಧವಾರ ಬೆಳಿಗ್ಗೆ 9.40ಕ್ಕೆ ಸವದತ್ತಿ ಠಾಣೆಗೆ ಬಂದ ದೂರನ್ನು ಪಿಎಸ್‌ಐ ಗುರುನಾಥ ಎರಡು ಸಲ ಓದಿದ. ಬೆರಳುದ್ದದ ಒಂದು ದೀಪ ಕಳುವಾಗಿತ್ತು. ಅರ್ಧ ಸಿಬ್ಬಂದಿ ಹುಣ್ಣಿಮೆ ಜಾತ್ರೆಯ ಬಂದೋಬಸ್ತಿಗೆಂದು ಉಗರಗೋಳದ ಕಡೆ ಹೋಗಿದ್ದಾಗ ಇವನ ಪಾಲಿಗೆ ಈ ದೀಪ.

ದೂರು ತಂದವಳು ಪ್ರಣಿತಾ. ಊರಿನ ಧರ್ಮಾರ್ಥ ಆಸ್ಪತ್ರೆಯ ಲ್ಯಾಬ್ ಟೆಕ್ನಿಷಿಯನ್, ನಾಲ್ಕು ತಿಂಗಳ ಗರ್ಭಿಣಿ.

"ಬಜಾರದಾಗ ಬ್ಯಾರೆ ಬಲ್ಬ್ ಸಿಗೂದಿಲ್ಲೇನವಾ?"

"ಇದು ಪಾದರಸದ ದೀಪರಿ."

ಬಣ್ಣ ಹಚ್ಚಿದ ಕಫದ ಸ್ಲೈಡಿನ ಮೇಲೆ ಈ ದೀಪದ ಬೆಳಕು ಬಿದ್ದರೆ ಮಾತ್ರ ಕ್ಷಯದ ಕ್ರಿಮಿಗಳು ಕತ್ತಲಲ್ಲಿ ಹೊಳೆಯುತ್ತವೆ ಎಂದು ಅವಳು ವಿವರಿಸಿದಳು. ನಿನ್ನೆ ಬಣ್ಣ ಹಚ್ಚಿಟ್ಟ ಸ್ಲೈಡುಗಳನ್ನು ಇಂದೇ ನೋಡದಿದ್ದರೆ ಬಣ್ಣ ಮಾಸುತ್ತದೆ. ಸುರೇಬಾನದಿಂದ ಬಂದ ಬೀರವ್ವ ಎಂಬ ಮುದುಕಿ ಫಲಿತಾಂಶ ಸಿಗದೆ ಊರಿಗೆ ಹೋಗುವುದಿಲ್ಲವೆಂದು ಆಸ್ಪತ್ರೆಯ ಕಟ್ಟೆಯ ಮೇಲೆ ಮಲಗಿದ್ದಾಳೆ.

ಎಫ್‌ಐಆರ್ ದಾಖಲಾಯಿತು. ಆಸ್ಪತ್ರೆಯ ಲ್ಯಾಬಿನಲ್ಲಿ ಸ್ಥಳ ಪಂಚನಾಮೆ ಮಾಡುವಾಗ ಹೊಸ ತಲೆನೋವು. ಇಲ್ಲದ ವಸ್ತುವಿಗೆ ನಾವು ಹೇಗೆ ಸಹಿ ಹಾಕುವುದು ಎಂದು ಪಂಚರಿಬ್ಬರೂ ತಕರಾರು ತೆಗೆದರು. ದೀಪವಿದ್ದ ಪೆಟ್ಟಿಗೆ ಇದೆಯಲ್ಲ, ಅದಕ್ಕೆ ಹಾಕಿ ಎಂದು ಗುರುನಾಥ ಗದರಿದ ಮೇಲೆ ಸಹಿಯಾಯಿತು.

ಹವಾಲ್ದಾರ್ ಯಮನಪ್ಪ ಸೂಕ್ಷ್ಮದರ್ಶಕದ ಹಿಂದಿನ ದೀಪದ ಪೆಟ್ಟಿಗೆಯನ್ನು ಬಗ್ಗಿ ನೋಡಿದ.

"ಸಾಹೇಬ್ರ, ಎಂಥಾ ಕಳ್ಳರಿ ಇವಾ? ಬಲ್ಬ್ ಒಯ್ದು ಸ್ಕ್ರೂ ಮತ್ತ ತಿರುವಿ ಹೋಗ್ಯಾನ."

ಬೀಗ ಒಡೆದಿರಲಿಲ್ಲ. ಡ್ರಾಯರಿನಲ್ಲಿದ್ದ ಹತ್ತಿಯ ಕೈಗವಸೂ ಮಾಯವಾಗಿತ್ತು. ಬರಿಗೈಯಿಂದ ಮುಟ್ಟಿದರೆ ಬೆರಳಿನ ಜಿಡ್ಡು ಬಿಸಿಗೆ ಗಾಜಿನ ಮೇಲೆ ಸುಟ್ಟು ಹಿಡಿದು ದೀಪ ಒಡೆಯುತ್ತದೆ ಎಂದಳು ಪ್ರಣಿತಾ. ಆರಿಸಿದ ಮೇಲೆ ಅರ್ಧ ತಾಸು ತಣ್ಣಗಾಗಲು ಬಿಡಬೇಕು.

"ನಿನ್ನೆ ಆರಿಸಿದ ಮ್ಯಾಲೆ ಇಲ್ಲಿ ಯಾರಿದ್ರು?"

"ಯಾರೂ ಇಲ್ರಿ. ನಾ ಡಾಕ್ಟರಿಗೆ ರಿಪೋರ್ಟ್ ಕೊಡಾಕ ಮ್ಯಾಲ ಹೋಗಿದ್ದೆ. ನಮ್ಮನಿಯವ್ರು ಕರಕೊಂಡು ಹೋಗಾಕ ಬಂದು ಕುಂತಿದ್ರು, ಅಷ್ಟ."

ಹೇಳಿದ ಮೇಲೆ ಅವಳ ನೋಟ ಖಾಲಿ ಡ್ರಾಯರಿನತ್ತ ಹೋಯಿತು. ಗಂಡ ಎಲ್ಲಿ ಸಿಗುತ್ತಾನೆಂದು ಗುರುನಾಥ ಬರೆದುಕೊಂಡ. ಹೊರಗೆ ಬಂದು ಜೀಪಿನ ಬಾಗಿಲನ್ನು ಬೇಕಾದ್ದಕ್ಕಿಂತ ಜೋರಾಗಿ ಎಳೆದುಕೊಂಡ.

ಯರಗಟ್ಟಿಯಲ್ಲಿ ಅವಳ ಗಂಡ ಕಾಂತೇಶನ ಮೋಟರ್ ರಿವೈಂಡಿಂಗ್ ಅಂಗಡಿ. ಕೇಳುವ ಮೊದಲೇ ಅವನು ಕಪಾಟು ತೆರೆದ. ಊಟದ ಡಬ್ಬಿಯಲ್ಲಿ ಅರಳೆ ಹಾಸಿ, ಕೈಗವಸಿನಲ್ಲಿ ಸುತ್ತಿ ದೀಪವನ್ನು ಮಲಗಿಸಿದ್ದ.

"ಮಾರಾಕೇನು?"

"ಅಲ್ರಿ. ಆಕಿ ಹೆರಿಗಿ ರಜಾಕ್ಕ ಹೋದ ಮ್ಯಾಲೆ ತಿರುಗಿ ಇಡಾಂವ ಇದ್ದೆ."

ಈ ದೀಪದ ಅವಧಿ ಎಂದೋ ಮುಗಿದಿತ್ತು ಎಂದು ಅವನು ಹೇಳಿದ. ಹಿಂದಿನದೂ ಹೀಗೇ ಅವಧಿ ಮೀರಿ ಉರಿದು ಒಂದು ದಿನ ಒಳಗೇ ಸಿಡಿದಿತ್ತು. ಚದುರಿದ ಪಾದರಸವನ್ನು ಪ್ರಣಿತಾ ತಾನೇ ಬಳಿದು, ಅದರ ವಿಷದ ಗಾಳಿ ಕುಡಿದು ಮನೆಗೆ ಬಂದಿದ್ದಳು. ಹೊಸದಕ್ಕೆ ಆಡಳಿತದವರು ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದರು. ಕೆಲಸ ಬಿಡು ಎಂದರೆ ಸ್ಲೈಡು ಯಾರು ನೋಡುತ್ತಾರೆ ಎಂದು ಇವಳು.

"ಬಾಯಿಲೆ ಹೇಳಿ ಸಾಕಾಗಿತ್ರಿ," ಎಂದ ಕಾಂತೇಶ.

ಠಾಣೆಯಲ್ಲಿ ಪ್ರಣಿತಾ ದೀಪಕ್ಕೆ ಕೈ ಚಾಚಿದಳು. ಕೊಡಲಾಗುವುದಿಲ್ಲ ಎಂದ ಗುರುನಾಥ. ಅದೀಗ ಮುದ್ದೆಮಾಲು, ಕೇಸಿನ ಜಪ್ತಿ ವಸ್ತು; ಅರಗಿನ ಮುದ್ರೆ ಬಿದ್ದಿದೆ, ಕೋರ್ಟೇ ಬಿಡಿಸಬೇಕು. ಹೇಳುವಾಗ ಅವನಿಗೆ ಕಾನೂನಿನ ಮೇಲೂ ಈ ಗಂಡಹೆಂಡಿರ ಮೇಲೂ ಒಟ್ಟಿಗೇ ಸಿಟ್ಟು ಬಂತು. ಇವಳು ದೂರು ಕೊಟ್ಟದ್ದರಿಂದಲೇ ದೀಪ ಉರಿಯಬಾರದೆಂಬ ಕಾಂತೇಶನ ಇಚ್ಛೆ ನೆರವೇರಿತ್ತು.

ಸಂಜೆ 4.30ಕ್ಕೆ ಬಂಧನದ ಪತ್ರ ತಯಾರಾಯಿತು.

"ಬಂಧನದ ಸುದ್ದಿ ಮನಿಯವ್ರಿಗೆ ಮುಟ್ಟಿಸಬೇಕು. ಯಾರ ಹೆಸರು ಬರೀಲಿ?" ಎಂದ ಗುರುನಾಥ.

ಬೆಂಚಿನ ಮೇಲಿದ್ದ ಕಾಂತೇಶ ತಲೆ ತಗ್ಗಿಸಿದ. "ಆಕಿದ ಬರೀರಿ. ಬ್ಯಾರೆ ಯಾರದಾರ?"

ಬೆಳಿಗ್ಗೆ ದೂರಿಗೆ ಸಹಿ ಹಾಕಿದ್ದ ಪ್ರಣಿತಾ ಈಗ ಇದಕ್ಕೂ ಹಾಕಿದಳು. ಗಂಡನ ಕಡೆ ನೋಡಲಿಲ್ಲ. ಸ್ಲೈಡುಗಳ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, ಬೈಲಹೊಂಗಲದ ಲ್ಯಾಬಿನವರು ಏಳರೊಳಗೆ ತಂದರೆ ನೋಡಿಕೊಡುತ್ತೇವೆ ಎಂದಿದ್ದಾರೆ, ಬಸ್ಸು ಎಷ್ಟಕ್ಕಿದೆ ಎಂದು ಯಮನಪ್ಪನನ್ನು ಕೇಳಿದಳು.

ಯಮನಪ್ಪನಿಗೆ ತಿಳಿದಿರಲಿಲ್ಲ. ಉತ್ತರ ಬೆಂಚಿನ ಕಡೆಯಿಂದ ಬಂತು.

"ಐದೂಕಾಲಿಗೆ ಐತಿ. ಮುಂದಿನ ಸೀಟಿಗೆ ಕುಂದ್ರು. ಹಿಂದ ಭಾಳ ಕುಲುಕತೈತಿ."